ಯುಟಿಲಿಟಿಯ ಕಟ್ಟೆ ಯಾರ ಎತ್ತರಕ್ಕೆ?

ಹೊಸ ಫ್ಲಾಟ್ ತಗೊಂಡವರ ಹತ್ತಿರ ಸುಮ್ಮನೆ ಮಾತಾಡಿ ನೋಡಿ. ಹಾಲ್‌ನ ಫಾಲ್ಸ್ ಸೀಲಿಂಗ್ ಬಗ್ಗೆ ಅರ್ಧ ಗಂಟೆ ಹೇಳ್ತಾರೆ. ಟಿವಿ ಯೂನಿಟ್‌ನ ಫೋಟೋ ತೋರಿಸ್ತಾರೆ. ಅಡುಗೆಮನೆಯ ಶಟರ್ ಬಣ್ಣ ಆರಿಸೋಕೆ ಮೂರು ವಾರ ಬೇಕಾಯ್ತು ಅಂತಾರೆ. ಯುಟಿಲಿಟಿ ಬಗ್ಗೆ ಕೇಳಿದರೆ ಮಾತ್ರ, "ಅದರಲ್ಲೇನಿದೆ, ವಾಷಿಂಗ್ ಮಷಿನ್ ಇಡೋ ಜಾಗ" ಅಂತ ಮುಗಿಸಿಬಿಡ್ತಾರೆ. ಆದರೆ ಮನೆಯಲ್ಲಿ ನೀರು, ಸೋಪು, ಒದ್ದೆ ಬಟ್ಟೆಯ ಭಾರ, ಬಿಸಿಲು ಎಲ್ಲವನ್ನೂ ದಿನಾ ತಡೆದುಕೊಳ್ಳೋದು ಆ ನಾಲ್ಕಡಿ ಅಗಲದ ಜಾಗವೇ. ಅಲ್ಲಿ ನಿಂತು ಕೆಲಸ ಮಾಡುವವರ ಸೊಂಟವೂ ಅಷ್ಟೇ ತಡೆದುಕೊಳ್ಳಬೇಕು.

ನಮ್ಮ ಮನೆಯಲ್ಲಿ ಈ ವಿಷಯ ದೊಡ್ಡದಾಗಿದ್ದು ಅತ್ತೆಯ ಮಂಡಿಯಿಂದ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ನಲವತ್ತು ವರ್ಷ ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆದವರು ಅವರು. ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆ ಆದಮೇಲೆ ಬೆಂಗಳೂರಿಗೆ, ನಮ್ಮ ಜೊತೆಗೇ ಬಂದರು. ಇನ್ನು ಕುಕ್ಕರುಗಾಲಿನಲ್ಲಿ ಕೂರಬಾರದು, ನೆಲದ ಮೇಲೆ ಕೂತು ಕೆಲಸ ಮಾಡಬಾರದು ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅತ್ತೆಯೂ ಅಷ್ಟೇ ಸ್ಪಷ್ಟವಾಗಿ ಹೇಳಿದರು: "ನನ್ನ ಹತ್ತಿ ಸೀರೆ ನಾನೇ ಒಗೀತೀನಿ ಮಾರಾಯ್ತಿ. ಆ ಮಷಿನ್ನಿಗೆ ಹಾಕಿದ್ರೆ ಮೂರು ತಿಂಗಳಿಗೆ ಚಿಂದಿ."

ಬಿಲ್ಡರ್ ಕೊಟ್ಟಿದ್ದ ಯುಟಿಲಿಟಿಯಲ್ಲಿ ಒಂದು ನಲ್ಲಿ, ನೆಲದಲ್ಲಿ ಒಂದು ಜಾಲರಿ, ಮೂಲೆಯಲ್ಲಿ ಒಂದು ಪ್ಲಗ್ ಪಾಯಿಂಟ್, ಅಷ್ಟೇ ಇತ್ತು. ನಾಲ್ಕೂವರೆ ಅಡಿ ಅಗಲ, ಏಳು ಅಡಿ ಉದ್ದ. ನೆಲದಲ್ಲಿ ಕೂತು ಒಗೆಯುವವರಿಗೆ ಮಾತ್ರ ಮಾಡಿದ ಜಾಗ. ಹಾಗಾಗಿ ಅಲ್ಲೊಂದು ಕಟ್ಟೆ ಆಗಲೇಬೇಕಿತ್ತು. ಯಾವ ಕಲ್ಲು, ಎಷ್ಟು ಎತ್ತರ, ಎಷ್ಟು ಆಳ ಅಂತ ನಾವು ಎರಡು ತಿಂಗಳು ತಲೆ ಕೆಡಿಸಿಕೊಂಡು ತಿಳಿದುಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ. ನಿಮ್ಮಲ್ಲಿ ಯಾರಾದರೂ ಈಗ ಇಂಟೀರಿಯರ್ ಕೊಟೇಶನ್ ಹಿಡಿದುಕೊಂಡು ಕೂತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಮೊಣಕೈ, ಆಮೇಲೆ ಕಲ್ಲು

ಎಲ್ಲರೂ ಮೊದಲು ಕಲ್ಲಿನ ಬಣ್ಣ ನೋಡ್ತಾರೆ. ನೋಡಬೇಕಾದ್ದು ಮೊಣಕೈ. ನೆಟ್ಟಗೆ ನಿಂತು, ಕೈಯನ್ನು ಮೊಣಕೈ ಹತ್ತಿರ ಮಡಚಿ, ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿಸಿ. ಸಾಧಾರಣವಾಗಿ ಅದು ನಿಮ್ಮ ಎತ್ತರದ ಶೇ. 63ರಷ್ಟು ಇರುತ್ತೆ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಇಂಥ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ನಾಲ್ಕು ಇಂಚು ಕೆಳಗಿದ್ದರೆ ಆರಾಮ. ಚಪಾತಿ ಲಟ್ಟಿಸುವುದು, ಬಟ್ಟೆ ಉಜ್ಜುವುದು ಇಂಥ ಭಾರ ಹಾಕುವ ಕೆಲಸಕ್ಕೆ ಇನ್ನೂ ಕೆಳಗೆ, ಅಂದರೆ ಆರು ಇಂಚು ಕೆಳಗೆ ಬೇಕು. ಆಗಷ್ಟೇ ಭುಜ ಎತ್ತದೆ ಮೈಭಾರವನ್ನು ಅಂಗೈಗೆ ಇಳಿಸಬಹುದು.

ನಮ್ಮ ಮನೆಯ ಲೆಕ್ಕ ಹೀಗಿತ್ತು. ಅತ್ತೆಯ ಎತ್ತರ 4 ಅಡಿ 10 ಇಂಚು. ಮೊಣಕೈ 36 ಇಂಚಿಗೆ ಬರುತ್ತೆ. ನಾನು 5 ಅಡಿ 4 ಇಂಚು. ನನ್ನ ಮೊಣಕೈ 40 ಇಂಚಿನಲ್ಲಿ. ನಮ್ಮ ಮನೆಯವರು 5 ಅಡಿ 11 ಇಂಚು. ಅವರದ್ದು 44ರ ಮೇಲೆ. ಒಂದೇ ಎತ್ತರದ ಕಟ್ಟೆ ಮೂವರಿಗೂ ಸರಿಹೋಗೋಕೆ ಸಾಧ್ಯವೇ ಇಲ್ಲ. ಮಾಡ್ಯುಲರ್ ಕಿಚನ್‌ನವರ ಕ್ಯಾಟಲಾಗ್‌ನಲ್ಲಿ 36 ಇಂಚು ಕಾಣಿಸಿದರೆ ಅದು ಅಮೆರಿಕದ ಅಳತೆ ಅಂತ ನೆನಪಿಟ್ಟುಕೊಳ್ಳಿ. ನಮ್ಮ ಕಡೆ ಮೇಸ್ತ್ರಿಗಳು 32ರಿಂದ 34 ಇಂಚು ಇಡ್ತಾರೆ. ಐದಡಿ ಎತ್ತರದ ಹೆಂಗಸಿಗೆ ಅದು ಸರಿಯಾದ ಅಳತೆಯೇ.

ಹಾಗಾದರೆ ಯಾರ ಎತ್ತರಕ್ಕೆ ಮಾಡಿಸೋದು? ನಮ್ಮ ಮನೆಯಲ್ಲಿ ಇದಕ್ಕೇ ಒಂದು ಸಣ್ಣ ಜಗಳ ಆಯ್ತು. "ಮನೆ ಮಾರುವಾಗ ಸ್ಟ್ಯಾಂಡರ್ಡ್ ಸೈಜ್ ಇರಬೇಕು" ಅಂತ ಅವರು. "ಮಾರುವ ತನಕ ಒಗೆಯೋರು ಯಾರು?" ಅಂತ ನಾನು. ಅತ್ತೆ ಮಾತ್ರ, "ನನಗೋಸ್ಕರ ಖರ್ಚು ಮಾಡ್ಬೇಡಿ, ಒಂದು ಸ್ಟೂಲ್ ಹಾಕ್ಕೊಂಡು ಒಗೀತೀನಿ" ಅಂದರು. ಮಂಡಿ ಆಪರೇಷನ್ ಆದವರು ಒದ್ದೆ ನೆಲದಲ್ಲಿ ಸ್ಟೂಲ್ ಹಾಕಿಕೊಂಡು ಬಗ್ಗಿ ಒಗೆಯುವುದನ್ನು ನೆನಪಿಸಿಕೊಂಡ ಮೇಲೆ ಮಾರುವ ಮಾತು ಯಾರೂ ಎತ್ತಲಿಲ್ಲ.

ಕೊನೆಗೆ ಎರಡು ಎತ್ತರ ಅಂತ ತೀರ್ಮಾನವಾಯ್ತು. ಮಷಿನ್ ಮೇಲೆ ಬಟ್ಟೆ ಮಡಚೋಕೆ 36 ಇಂಚಿನ ಕಟ್ಟೆ. ಪಕ್ಕದಲ್ಲಿ ಸಿಂಕ್, ಒಗೆಯುವ ಕಲ್ಲು ಇರುವ ಭಾಗ 30 ಇಂಚು. ಹೀಗೆ ಮೆಟ್ಟಿಲಿನಂತೆ ಮಾಡಿದರೆ ಕಲ್ಲಿನ ಖರ್ಚೇನೂ ಜಾಸ್ತಿ ಆಗಲ್ಲ. ಒಂದು ಅಂಚಿನ ಪಾಲಿಶ್, ಅರ್ಧ ದಿನದ ಕೂಲಿ ಹೆಚ್ಚು ಬೀಳುತ್ತೆ ಅಷ್ಟೇ.

ಮಷಿನ್ನಿನ ಲೆಕ್ಕ

ಮೇಲೆ ಮುಚ್ಚಳ ತೆರೆಯುವ ಟಾಪ್ ಲೋಡ್ ಮಷಿನ್ ಇದ್ದರೆ ಅದರ ಮೇಲೆ ಕಟ್ಟೆ ಬರೋದಿಲ್ಲ. ಅದನ್ನು ಪಕ್ಕಕ್ಕೆ ಇಟ್ಟು ಉಳಿದ ಜಾಗಕ್ಕೆ ಕಟ್ಟೆ ಯೋಚಿಸಬೇಕು. ಫ್ರಂಟ್ ಲೋಡ್ ಆದರೆ ಸಾಮಾನ್ಯವಾಗಿ 85 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ ಇರುತ್ತೆ. ಆಳ ಮಾತ್ರ ಕಿಲೋ ಮೇಲೆ ಬದಲಾಗುತ್ತೆ.

ಈಗ ಒಂದು ಗಣಿತ ನೋಡಿ. 85 ಸೆಂ.ಮೀ. ಅಂದರೆ ಮೂವತ್ತಮೂರೂವರೆ ಇಂಚು. ನಿಮ್ಮ ಕಟ್ಟೆಯ ಮೇಲ್ಮೈ 34 ಇಂಚಿನಲ್ಲಿದ್ದು ಕಲ್ಲು ಮುಕ್ಕಾಲು ಇಂಚು ದಪ್ಪ ಇದ್ದರೆ ಕೆಳಗೆ ಉಳಿಯೋದು ಮೂವತ್ತಮೂರು ಕಾಲು ಇಂಚು. ಕಾಲು ಇಂಚಿಗೆ ಮಷಿನ್ ಒಳಗೆ ಹೋಗಲ್ಲ! ಅಡುಗೆಮನೆ ಕಟ್ಟೆಯನ್ನೇ ಯುಟಿಲಿಟಿಗೂ ಎಳೆದ ಮನೆಗಳಲ್ಲಿ ಮಷಿನ್ ಹೊರಗೆ ನಿಂತಿರೋದಕ್ಕೆ ಇದೇ ಕಾರಣ. ಮಷಿನ್ ಕೆಳಗೆ ರಬ್ಬರ್ ಪ್ಯಾಡ್ ಹಾಕಿದರೆ ಇನ್ನೂ ಒಂದಿಂಚು ಏರುತ್ತೆ. ಹಾಗಾಗಿ ಕಲ್ಲಿನ ಕೆಳಭಾಗಕ್ಕೆ 35 ಇಂಚು ಬಿಡಿ. ಬಟ್ಟೆ ಹಿಂಡುವಾಗ ಮಷಿನ್ ಅಲುಗಾಡುತ್ತೆ. ಅದು ಕಲ್ಲಿಗಾಗಲಿ ಪಕ್ಕದ ಆಸರೆಗಾಗಲಿ ತಾಗಬಾರದು. ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟರೆ ಒಟ್ಟು 28 ಇಂಚು ಅಗಲ ಬೇಕಾಗುತ್ತೆ.

ಆಳದಲ್ಲಿ ಎರಡಡಿ ಅಂತ ಹೇಳಿ ಸುಮ್ಮನಾಗಬೇಡಿ. ನಮ್ಮ ಮಷಿನ್ 55 ಸೆಂ.ಮೀ. ಆಳ, ಹಿಂದೆ ನೀರಿನ ಪೈಪ್ ಬಾಗೋಕೆ 8 ಸೆಂ.ಮೀ., ಅಲ್ಲಿಗೆ 25 ಇಂಚು ಆಯ್ತು. ಕಟ್ಟೆಯನ್ನು 26 ಇಂಚು ಮಾಡಿಸಿದೆವು. ನಿಂತು ಓಡಾಡೋಕೆ 28 ಇಂಚು ಉಳೀತು. ಮಷಿನ್ ಬಾಗಿಲು ಯಾವ ಕಡೆ ತೆರೆಯುತ್ತೆ, ತೆರೆದಾಗ ಗೋಡೆಗೆ ಬಡಿಯುತ್ತಾ ಅನ್ನೋದನ್ನು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗೀಚಿ ನೋಡಿ. ಪ್ಲಗ್ ಪಾಯಿಂಟ್ ಮತ್ತು ನಲ್ಲಿಯ ವಾಲ್ವ್ ಎರಡೂ ಮಷಿನ್ ಹಿಂದೆ ಸಿಕ್ಕಿಹಾಕಿಕೊಳ್ಳಬಾರದು. ಕಟ್ಟೆಯ ಮೇಲೆ, ನೀರು ಎರಚದ ಜಾಗದಲ್ಲಿ, ಕೈಗೆ ಸಿಗುವಂತೆ ಇರಬೇಕು. ಮಷಿನ್ ಕೆಟ್ಟು ನೀರು ಹರಿಯುವಾಗ ಅದನ್ನು ಎಳೆದು ಹೊರಗೆ ತೆಗೆಯುವಷ್ಟು ಸಮಯ ಇರಲ್ಲ.

ಯಾವ ಕಲ್ಲು, ಯಾವ ಜಾಗಕ್ಕೆ

ಒಂದೇ ಉತ್ತರ ಇಲ್ಲ. ಆ ಜಾಗದಲ್ಲಿ ಏನು ಬೀಳುತ್ತೆ ಅನ್ನೋದೇ ಉತ್ತರ.

ಕಡಪ ಕಲ್ಲು, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ. ಅಗ್ಗ, ಗಟ್ಟಿ. ಆದರೆ ಹುಳಿಗೆ ಆಗಿಬರಲ್ಲ. ನಿಂಬೆರಸ, ವಿನೆಗರ್, ಬಾತ್‌ರೂಮ್ ತೊಳೆಯುವ ಆಸಿಡ್ ಬಿದ್ದರೆ ಮೇಲ್ಮೈ ಸವೆದು ಬೆಳ್ಳಗೆ ಕಲೆ ಕೂರುತ್ತೆ. ಆಸರೆಗೆ, ಶೆಲ್ಫಿಗೆ, ಕಟ್ಟೆಯ ಕೆಳಗಿನ ನಿಲುಗಲ್ಲಿಗೆ ಇವು ಚೆನ್ನ. ಮಾರ್ಬಲ್ ಕೂಡ ಇದೇ ಗುಣದ್ದು. ದೇವರ ಮನೆಗೆ ಸರಿ. ಹುಣಸೆಹಣ್ಣು ಕಿವುಚುವ ಅಡುಗೆಮನೆಗೆ ಬೇಡ.

ಕ್ವಾರ್ಟ್ಜ್ ಅಂತ ಮಾರುವುದು ಗಣಿಯಿಂದ ಹಾಗೇ ಕೊಯ್ದು ತಂದ ಕಲ್ಲಲ್ಲ. ಕ್ವಾರ್ಟ್ಜ್ ಪುಡಿಯನ್ನು ರಾಳದಲ್ಲಿ ಅಂಟಿಸಿ ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಹಲಗೆ. ನೋಡೋಕೆ ಚಂದ, ಅರಿಶಿನದ ಕಲೆಯನ್ನೂ ಸುಲಭವಾಗಿ ಹೀರಲ್ಲ. ಆದರೆ ಅಂಟಿಸಿರುವ ರಾಳಕ್ಕೆ ಎರಡು ಶತ್ರುಗಳು: ಒಂದು ಒಲೆಯಿಂದ ಇಳಿಸಿದ ಬಾಣಲೆ, ಇನ್ನೊಂದು ಬಿಸಿಲು. ನಮ್ಮ ಯುಟಿಲಿಟಿಗಳೆಲ್ಲ ಜಾಲರಿ ಹಾಕಿದ ಬಾಲ್ಕನಿಗಳೇ ತಾನೇ? ದಿನಾ ಬಿಸಿಲು ಬೀಳುವಲ್ಲಿ ಬಿಳಿ ಕ್ವಾರ್ಟ್ಜ್ ಕ್ರಮೇಣ ಹಳದಿಯಾಗುತ್ತೆ. ಒಳಗಿನ ಡ್ರೆಸ್ಸಿಂಗ್ ಟೇಬಲ್‌ಗೋ, ವಾಶ್‌ಬೇಸಿನ್ ಕೌಂಟರ್‌ಗೋ ಆದರೆ ಚಿಂತೆಯಿಲ್ಲ.

ಪ್ಲೈವುಡ್ ಮೇಲೆ ಲ್ಯಾಮಿನೇಟ್ ಅಂಟಿಸಿದ ಕಟ್ಟೆ ಓದುವ ಮೇಜಿಗೆ ಸಾಕು. ಸಿಂಕ್ ಹತ್ತಿರ ಬೇಡ. ಅಂಚಿನಿಂದ ನೀರು ಒಳಗೆ ಹೋದರೆ ಉಬ್ಬುತ್ತೆ. ಯುಟಿಲಿಟಿಯ ಕಪಾಟಿಗೆ ಪ್ಲೈವುಡ್ ಬೇಕೇಬೇಕು ಅಂದರೆ ಐಎಸ್ 710 ಅಂತ ಮುದ್ರೆ ಇರುವ ಮರೀನ್ ಪ್ಲೈ ಕೇಳಿ.

ಉಳಿದಿದ್ದು ಗ್ರಾನೈಟ್. ಬಿಸಿ, ನಿಂಬೆ, ಸೋಪು, ಬಿಸಿಲು ಯಾವುದಕ್ಕೂ ಸುಲಭವಾಗಿ ಜಗ್ಗಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕನಕಪುರ ಕಡೆಯ ಬಣ್ಣಬಣ್ಣದ ಪದರಗಳ ಕಲ್ಲು, ಎಲ್ಲ ನಮ್ಮ ರಾಜ್ಯದ್ದೇ. ಒಂದು ಸ್ವಾರಸ್ಯ ಏನಂದ್ರೆ, ಅಂಗಡಿಯಲ್ಲಿ ಗ್ರಾನೈಟ್ ಅನ್ನೋದೆಲ್ಲ ಭೂವಿಜ್ಞಾನದ ಗ್ರಾನೈಟ್ ಅಲ್ಲ. ಚಾಮರಾಜನಗರದ ಕಪ್ಪು ಕಲ್ಲು ನಿಜಕ್ಕೂ ಡಾಲರೈಟ್ ಅನ್ನುವ ಬೇರೆ ಜಾತಿ. ಕಟ್ಟೆಗೆ ಅದೇನೂ ಕಡಿಮೆ ಅಲ್ಲ ಬಿಡಿ, ಬಹಳ ಬಿಗಿಯಾದ ಕಲ್ಲು ಅದು. ನಾವು ಯುಟಿಲಿಟಿಗೆ ಕಪ್ಪನ್ನೇ ತಗೊಂಡೆವು. ಮಡಚುವ ಭಾಗಕ್ಕೆ ಪಾಲಿಶ್ ಮಾಡಿದ್ದು, ಒಗೆಯುವ ಭಾಗಕ್ಕೆ ಸ್ವಲ್ಪ ತರಿತರಿಯಾದ ಲೆದರ್ ಫಿನಿಶ್. ನುಣುಪಾದ ಕಲ್ಲಿನ ಮೇಲೆ ಬಟ್ಟೆ ಜಾರುತ್ತೆ, ಕೊಳೆ ಹೋಗಲ್ಲ ಅಂತ ಹೇಳಿಕೊಟ್ಟವರು ಅತ್ತೆ.

ಕಲ್ಲಿನ ಅಂಗಡಿಗೆ ಹೋಗುವಾಗ

ಬೆಂಗಳೂರಿನವರಾದರೆ ಒಂದು ಶನಿವಾರ ಜಿಗಣಿ ಕಡೆ ಹೋಗಿ ಬನ್ನಿ. ಸಾಲುಸಾಲು ಕಲ್ಲಿನ ಅಂಗಡಿಗಳು, ಕೊಯ್ಯುವ ಕಾರ್ಖಾನೆಗಳು. ಚೀಲದಲ್ಲಿ ನಾಲ್ಕು ವಸ್ತು ಇಟ್ಟುಕೊಳ್ಳಿ: ಟೇಪ್, ಒಂದು ಬಾಟಲಿ ನೀರು, ಅರ್ಧ ನಿಂಬೆಹಣ್ಣು, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮತ್ತು ಹತ್ತಿ.

ಸ್ಯಾಂಪಲ್ ತುಂಡಿನ ಮೇಲೆ ನೀರು ಹನಿಸಿ ಹತ್ತು ಹದಿನೈದು ನಿಮಿಷ ಬಿಡಿ. ಒರೆಸಿದಾಗ ಅಲ್ಲಿ ಕಪ್ಪಾಗಿ ಕಂಡರೆ ಕಲ್ಲು ನೀರು ಹೀರ್ತಿದೆ ಅಂತ ಅರ್ಥ. ಅಂಥದ್ದಕ್ಕೆ ಸೀಲರ್ ಬಳಿಸಬೇಕು, ಇಲ್ಲದಿದ್ದರೆ ಎಣ್ಣೆ ಕಲೆ ಒಳಗಿಳಿಯುತ್ತೆ. ನಿಂಬೆರಸ ಬಿದ್ದ ಜಾಗ ಹೊಳಪು ಕಳೆದುಕೊಂಡರೆ ಅದರಲ್ಲಿ ಸುಣ್ಣದ ಅಂಶ ಇದೆ. ಕಪ್ಪು ಕಲ್ಲಿನ ಮೇಲೆ ಅಸಿಟೋನ್ ಹತ್ತಿ ಉಜ್ಜಿದಾಗ ಹತ್ತಿಗೆ ಕಪ್ಪು ಹತ್ತಿದರೆ, ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಅಂತ ಮಾರ್ತಿದ್ದಾರೆ. ನಾವು ಹೋದ ಮೂರನೇ ಅಂಗಡಿಯಲ್ಲಿ ಹತ್ತಿ ಕಪ್ಪಾಯ್ತು. ಅಂಗಡಿಯವರು, "ಅದು ಧೂಳು ಮೇಡಂ" ಅಂದರು. ನಾವು ನಕ್ಕು ನಾಲ್ಕನೇ ಅಂಗಡಿಗೆ ಹೋದೆವು.

ಬಿಲ್ ವಿಚಾರ. ಚದರ ಅಡಿ ದರ ಕೇಳಿ ಖುಷಿಪಡಬೇಡಿ. ಸಣ್ಣ ಸ್ಲ್ಯಾಬ್‌ಗಳು ಎರಡಡಿ ಆಸುಪಾಸು ಅಗಲಕ್ಕೇ ಬರುತ್ತವೆ. ನಿಮಗೆ 26 ಇಂಚು ಬೇಕಾದರೆ ಅಗಲದ ಸ್ಲ್ಯಾಬ್ ತಗೊಳ್ಳಬೇಕು, ದರ ಬೇರೆ. ಉಳಿದ ತುಂಡಿಗೂ ನೀವೇ ದುಡ್ಡು ಕೊಡ್ತೀರಿ, ಹಾಗಾಗಿ ಅದನ್ನು ಕೇಳಿ ತಗೊಂಡು ಬನ್ನಿ. ಕಿಟಕಿ ಹಲಗೆಗೋ ಶೆಲ್ಫಿಗೋ ಆಗುತ್ತೆ. ಅಂಚಿನ ಪಾಲಿಶ್ ಅಡಿ ಲೆಕ್ಕ, ಸಿಂಕ್‌ಗೆ ಕೊರೆಯೋದು ಒಂದೊಂದಕ್ಕೆ ಇಷ್ಟು, ಸಾಗಾಟ, ಮಹಡಿಗೆ ಹೊರುವ ಕೂಲಿ, ಕೂರಿಸುವ ಕೂಲಿ, ಜಿಎಸ್‌ಟಿ. ಇಷ್ಟನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹೊರುವ ಕೂಲಿಗೆ ಚೌಕಾಸಿ ಮಾಡುವ ಮುಂಚೆ ಒಂದು ಲೆಕ್ಕ: 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ. ಇಪ್ಪತ್ತೈದು ಚದರ ಅಡಿಯ ಕಟ್ಟೆ ಅಂದರೆ 125 ಕಿಲೋ. ಲಿಫ್ಟಿಗೆ ಹೋಗದಿದ್ದರೆ ಅಷ್ಟನ್ನೂ ಮನುಷ್ಯರೇ ಮೆಟ್ಟಿಲು ಹತ್ತಿ ತರಬೇಕು.

ಆ ಬಿಳಿ ಧೂಳು

ನಾನು ಇದನ್ನು ಬರೆಯೋಕೆ ಕೂತಿದ್ದೇ ಈ ಭಾಗಕ್ಕೋಸ್ಕರ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಯಾರದ್ದೋ ಮನೆ ಕೆಲಸ ನಡೀತಿದ್ದರೆ ಕಾರಿಡಾರ್ ತುಂಬ ಬಿಳಿ ಪುಡಿ. ಒಳಗೆ ಹುಡುಗನೊಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡು, ಕೈ ಮಷಿನ್ನಿನಲ್ಲಿ ಒಣಕಲ್ಲನ್ನೇ ಕೊಯ್ತಿರ್ತಾನೆ. ನಾವು ಬಾಗಿಲು ಹಾಕಿಕೊಂಡು, ಧೂಳು ಅಂತ ವಾಟ್ಸಾಪ್ ಗ್ರೂಪಿನಲ್ಲಿ ದೂರು ಹಾಕ್ತೀವಿ. ಅವನು ಆ ಧೂಳಿನೊಳಗೇ ಸಂಜೆವರೆಗೆ.

ಕಲ್ಲಿನಲ್ಲಿರುವ ಸಿಲಿಕಾದ ಸೂಕ್ಷ್ಮ ಕಣಗಳು ಶ್ವಾಸಕೋಶದ ಒಳಗೆ ಹೋಗಿ ಕೂತರೆ ಅಲ್ಲಿ ಗಾಯದ ಗುರುತು ಬೆಳೀತಾ ಹೋಗುತ್ತೆ. ಅದು ಸಿಲಿಕೋಸಿಸ್. ಹಾಳಾದ ಶ್ವಾಸಕೋಶವನ್ನು ಸರಿಮಾಡುವ ಔಷಧ ಇಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಈ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಹೇಳಿದೆ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ. ಆದರೆ ಕಾರ್ಖಾನೆಯ ಕ್ವಾರ್ಟ್ಜ್ ಹಲಗೆಯಲ್ಲಿ ಅದು ಶೇ. 90ರ ಮೇಲೂ ಇರಬಹುದು. ಆ ಹಲಗೆ ಕೊಯ್ಯುವ ಹುಡುಗರಲ್ಲಿ ಚಿಕ್ಕ ವಯಸ್ಸಿಗೇ ಕಾಯಿಲೆ ಕಾಣಿಸಿಕೊಂಡ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ಪೂರ್ತಿ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು.

ಕಟ್ಟೆಯಾಗಿ ಕೂತ ಮೇಲೆ ಆ ಕಲ್ಲಿನಿಂದ ನಮಗೇನೂ ಅಪಾಯ ಇಲ್ಲ. ಅಪಾಯವೆಲ್ಲ ಕೊಯ್ಯುವ, ಉಜ್ಜುವ ಹೊತ್ತಿನಲ್ಲಿ, ಕೊಯ್ಯುವವನಿಗೆ. ನಮ್ಮ ಕೈಯಲ್ಲಿ ಮಾಡೋಕಾಗುವುದು ಇಷ್ಟು. ಅಳತೆ ಪಕ್ಕಾ ಮಾಡಿ, ಸಿಂಕ್‌ನ ರಟ್ಟಿನ ಅಚ್ಚು ಕೊಟ್ಟು, ಕೊಯ್ಯುವ, ಕೊರೆಯುವ, ಅಂಚು ಉಜ್ಜುವ ಕೆಲಸವನ್ನೆಲ್ಲ ನೀರು ಹಾಯಿಸುವ ಯಂತ್ರ ಇರುವ ಕಡೆಯೇ ಮುಗಿಸಿ ತರಲು ಹೇಳಿ. ಮನೆಯಲ್ಲಿ ಸಣ್ಣಪುಟ್ಟ ಕೊಯ್ಯುವಿಕೆ ತಪ್ಪದಿದ್ದರೆ ನೀರು ಹಾಕುತ್ತಾ ಕೊಯ್ಯಲಿ, ಬಾಲ್ಕನಿಯಲ್ಲಿ ಕೊಯ್ಯಲಿ. ಟವೆಲ್ ಈ ಧೂಳನ್ನು ತಡೆಯಲ್ಲ. ಎನ್95 ಮಾಸ್ಕ್ ತಂದಿಡಿ. ಒಣ ಧೂಳನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ನಮ್ಮ ಮನೆಗೆ ಬಂದ ಮೇಸ್ತ್ರಿ ಮೊದಲು ಒಪ್ಪಲಿಲ್ಲ. "ಇಲ್ಲೇ ಐದು ನಿಮಿಷದಲ್ಲಿ ಹೊಡೆದುಬಿಡ್ತೀವಿ ಮೇಡಂ, ಎಲ್ರೂ ಹಂಗೇ ಮಾಡೋದು" ಅಂದರು. ಅತ್ತೆ ಒಳಗಿನಿಂದಲೇ ಕೇಳಿದರು, "ಆ ಹುಡುಗನಿಗೆ ಕೆಮ್ಮು ಎಷ್ಟು ದಿನದಿಂದ ಇದೆಯಪ್ಪಾ?" ಮೇಸ್ತ್ರಿ ಹುಡುಗನ ಮುಖ ನೋಡಿದರು, ಹುಡುಗ ನೆಲ ನೋಡಿದ. ಸಿಂಕ್‌ನ ಕಲ್ಲು ವಾಪಸ್ ಹೋಗಿ ಎರಡು ದಿನ ಬಿಟ್ಟು ಬಂತು. ಸಾಗಾಟಕ್ಕೆ ಒಂದಿಷ್ಟು ಹೆಚ್ಚು ಕೊಟ್ಟೆವು.

ಕೂರಿಸುವಾಗ ಮರೆಯಬಾರದ್ದು

ಸಿಂಕ್ ಅಥವಾ ಒಲೆ ಕೊರೆದ ಜಾಗದಲ್ಲಿ ಕಲ್ಲಿನ ಜೋಡಣೆ ಬರಬಾರದು. ಕಲ್ಲು ತೀರಾ ದುರ್ಬಲ ಇರೋದೇ ಅಲ್ಲಿ. ಆಸರೆ ಇಲ್ಲದೆ ಮುಂದೆ ಚಾಚಿದ ಕಲ್ಲು ಆರೆಂಟು ಇಂಚು ಮೀರದಿರಲಿ. ಒಗೆಯುವ ಭಾಗ ಸಿಂಕ್ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ, ಮುಂದಿನ ಅಂಚಿಗೆ ಅರ್ಧ ಇಂಚಿನ ತಡೆ ಇರಲಿ. ಇಲ್ಲದಿದ್ದರೆ ನೀರೆಲ್ಲ ಒಗೆಯುವವರ ಹೊಟ್ಟೆ ಮೇಲೆ. ಅಂಚಿನ ಕೆಳಗೆ ಒಂದು ಸಣ್ಣ ಗೀರು ಕೊರೆಸಿದರೆ ನೀರು ಒಳಗೆ ಹರಿದು ಕಪಾಟಿಗೆ ಇಳಿಯಲ್ಲ, ಅಲ್ಲೇ ತೊಟ್ಟಿಕ್ಕುತ್ತೆ. ಗೋಡೆ ಪಕ್ಕ ನಾಲ್ಕು ಇಂಚು ಕಲ್ಲಿನ ಪಟ್ಟಿ, ಸಂದಿಗೆ ಸಿಲಿಕೋನ್. ಒಗೆಯುವ ಭಾಗದ ಕೆಳಗೆ ಕಪಾಟು ಬೇಡವೇ ಬೇಡ. ಕಾಲಿಡೋಕೆ ಜಾಗ ಖಾಲಿ ಬಿಟ್ಟರೆ ಬಗ್ಗದೆ ಹತ್ತಿರ ನಿಲ್ಲಬಹುದು, ಬಕೆಟ್ಟೂ ಅಲ್ಲೇ ಕೂರುತ್ತೆ.

ಕಟ್ಟೆ ಆಗಿ ಎಂಟು ತಿಂಗಳಾಯ್ತು. ಅತ್ತೆ ನಿಂತೇ ಸೀರೆ ಒಗೀತಾರೆ. ಶನಿವಾರ ನಮ್ಮ ಮನೆಯವರು 36 ಇಂಚಿನ ಭಾಗದಲ್ಲಿ ಬಟ್ಟೆ ಮಡಚ್ತಾರೆ, ಅತ್ತೆ ಪಕ್ಕದಲ್ಲಿ ನಿಂತು ತಪ್ಪು ಹುಡುಕ್ತಾರೆ. ಮಷಿನ್ ಮೇಲಿನ ನಂಬಿಕೆ ಅವರಿಗೆ ಇನ್ನೂ ಬಂದಿಲ್ಲ. ಬೆಡ್‌ಶೀಟ್ ಮಾತ್ರ ಅದಕ್ಕೆ ಬಿಟ್ಟುಕೊಟ್ಟಿದ್ದಾರೆ.

ನಿಮ್ಮ ಮನೆಯ ಕಟ್ಟೆ ಎಷ್ಟು ಎತ್ತರ ಇದೆ? ಅದರ ಮುಂದೆ ಅತಿ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈ ಎಷ್ಟು ಎತ್ತರ? ಇವತ್ತು ರಾತ್ರಿ ಎರಡನ್ನೂ ಅಳೆದು ನೋಡಿ. ವ್ಯತ್ಯಾಸ ಎಷ್ಟು ಬಂತು ಅಂತ ಓದುಗರ ಅಂಕಣಕ್ಕೆ ಬರೆಯಿರಿ, ಯಾರ ಮನೆಯಲ್ಲಿ ಯಾರ ಎತ್ತರಕ್ಕೆ ಕಟ್ಟೆ ಇದೆ ಅಂತ ನೋಡೋಣ.